ವನಮಹೋತ್ಸವಕ್ಕೆ 75 ವರ್ಷ: ಸರ್ಕಾರಿ ನರ್ಸರಿಯ ಗಿಡ ಹೇಗುಂಟು?

ನನ್ನದು ಉಡುಪಿಯಲ್ಲಿ ಫ್ಲೆಕ್ಸ್ ಪ್ರಿಂಟಿಂಗ್ ಅಂಗಡಿ. ಜುಲೈ ಮೊದಲ ವಾರ ಬಂತೆಂದರೆ ನಮಗೆ ಸೀಸನ್. ಶಾಲೆ, ಸೊಸೈಟಿ, ಯುವಕ ಮಂಡಲ, ಭಜನಾ ಮಂಡಳಿ, ಎಲ್ಲರಿಗೂ ವನಮಹೋತ್ಸವದ ಬ್ಯಾನರ್ ಬೇಕು. ಕಳೆದ ವರ್ಷ ಅಂತೂ ಬಂದ ಡಿಸೈನಿನಲ್ಲೆಲ್ಲ ದೊಡ್ಡ ಅಕ್ಷರದಲ್ಲಿ '75'. 1950ರ ಜುಲೈಯಲ್ಲಿ ಆಗಿನ ಕೇಂದ್ರ ಆಹಾರ ಮತ್ತು ಕೃಷಿ ಮಂತ್ರಿ ಕೆ. ಎಂ. ಮುನ್ಷಿ ದೇಶಕ್ಕೆಲ್ಲ ಶುರು ಮಾಡಿಸಿದ ಹಬ್ಬ, 2025ಕ್ಕೆ 75 ವರ್ಷ ತುಂಬಿತಲ್ಲ. ನಮ್ಮೂರಿನ ಯುವಕ ಮಂಡಲವೂ ಈ ಸಲ ಜೋರಾಗಿ ಮಾಡುವ ಅಂತ ಹೊರಟಿತು. ಬ್ಯಾನರ್ ಹೇಗೂ ನನ್ನ ಲೆಕ್ಕ. ಗಿಡ ತರುವ ಕೆಲಸವೂ ನನ್ನ ತಲೆಗೇ ಬಂತು. ಕೊನೆಗೆ ನೋಡಿದರೆ ಗಿಡಕ್ಕಿಂತ ಬ್ಯಾನರಿಗೆ ಜಾಸ್ತಿ ಖರ್ಚು! ಬ್ಯಾನರ್ ಮಾರುವವನೇ ಹೇಳ್ತಿದ್ದೇನೆ, ನಂಬಬಹುದು.

ಆ ಗಿಡಗಳಿಗೆ ಈಗ ಒಂದು ವರ್ಷ. ಹಾಗಾಗಿ ನರ್ಸರಿ ಹೇಗೆ ಅಂತ ಧೈರ್ಯವಾಗಿ ಬರೆಯಬಹುದು. ಉಡುಪಿಯಿಂದ ಘಟ್ಟದ ಕಡೆ ಹೋಗುವ ದಾರಿಯಲ್ಲಿ ಒಳಗೆ ಇರುವ ಸರ್ಕಾರಿ ನರ್ಸರಿ ಅದು. ಹೆಸರು ಹಾಕುವುದಿಲ್ಲ. ಒಳ್ಳೆಯದರ ಜೊತೆ ಒಂದೆರಡು ದೂರೂ ಉಂಟು, ಸುಮ್ನೆ ಅಲ್ಲಿನ ವಾಚರಿಗೆ ತೊಂದರೆ ಆಗುವುದು ಬೇಡ.

ಮೊದಲು ಖುಷಿಯ ವಿಷಯ. ನಾವು ಶಾಲೆಗೆ ಹೋಗುವಾಗ ವನಮಹೋತ್ಸವ ಅಂದರೆ ಅಕೇಶಿಯಾ ಗಿಡ. ಬೇರೆ ಗಿಡ ಕಂಡದ್ದೇ ನೆನಪಿಲ್ಲ. ನಮ್ಮ ಕಡೆಯ ಎಷ್ಟೋ ಗುಡ್ಡೆಗಳಲ್ಲಿ ಈಗ ಅದೇ ತುಂಬಿದೆ, ಕೆಳಗೆ ದಪ್ಪಕ್ಕೆ ಒಣ ಎಲೆ, ಹುಲ್ಲೂ ಸರಿಯಾಗಿ ಏಳುವುದಿಲ್ಲ. ಆಸ್ಟ್ರೇಲಿಯಾ ಕಡೆಯ ಮರ, ಬೇಗ ಬೆಳೆಯುತ್ತದೆ, ಸೌದೆ ಆಗುತ್ತದೆ, ಅಷ್ಟೇ. ಈ ನರ್ಸರಿಯ ಸಾಲಿನಲ್ಲಿ ಕಂಡದ್ದು ಹೆಬ್ಬಲಸು, ಹೊನ್ನೆ, ಪುನರ್ಪುಳಿ, ಉಪ್ಪಾಗೆ, ನೇರಳೆ, ರಾಮಪತ್ರೆ, ಧೂಪ, ಕಿರಾಲ್‌ಬೋಗಿ. ಎಲ್ಲ ನಮ್ಮ ಕಾಡಿನವೇ. 75 ವರ್ಷದ ಲೆಕ್ಕಕ್ಕಿಂತ ನನಗೆ ಈ ಬದಲಾವಣೆ ದೊಡ್ಡದು ಅನ್ನಿಸಿತು. ಬ್ಯಾನರಿನಲ್ಲಿ ಹಾಕಬೇಕಾದ್ದು ಇದನ್ನು.

ಕಿರಾಲ್‌ಬೋಗಿ ಬಗ್ಗೆ ಸ್ವಲ್ಪ ಹೇಳಬೇಕು. ನೀರಿಗೆ, ಗೆದ್ದಲಿಗೆ ಜಗ್ಗದ ಮರ ಅಂತ ಹಿಂದೆ ದೋಣಿಗೂ ರೈಲ್ವೆ ಸ್ಲೀಪರಿಗೂ ಕಡಿದು ಕಡಿದು ಸಾಗಿಸಿದರು. ಪಶ್ಚಿಮ ಘಟ್ಟ ಬಿಟ್ಟರೆ ಬೇರೆಲ್ಲೂ ತಾನಾಗಿ ಬೆಳೆಯುವುದಿಲ್ಲ. ಅದರ ಬೀಜ ನಾನು ಕೈಯಲ್ಲಿ ಹಿಡಿದು ನೋಡಿದ್ದು ಅಲ್ಲೇ. ಕಡಲೆಗಿಂತ ಸಣ್ಣದು, ಎರಡು ಉದ್ದ ರೆಕ್ಕೆ, ಕೆಳಗೆ ಬಿಟ್ಟರೆ ತಿರುಗುತ್ತಾ ಇಳಿಯುತ್ತದೆ. ಅಲ್ಲಿ ತೊಟ್ಟೆಗೆ (ಸಸಿ ಬೆಳೆಸುವ ಪ್ಲಾಸ್ಟಿಕ್ ಚೀಲ) ಮಣ್ಣು ತುಂಬುತ್ತಿದ್ದ ಅಕ್ಕ ಒಬ್ಬರು ಹೇಳಿದರು: "ಇದನ್ನು ಅಕ್ಕಿಯ ಹಾಗೆ ಡಬ್ಬಿಯಲ್ಲಿ ಇಡ್ಲಿಕ್ಕೆ ಆಗುದಿಲ್ಲ ಅಣ್ಣಾ. ಬಿದ್ದ ಕೂಡಲೇ ಹೆಕ್ಕಬೇಕು, ಹೆಕ್ಕಿದ ಕೂಡಲೇ ಹಾಕಬೇಕು. ಒಣಗಿದರೆ ಮುಗೀತು." ಧೂಪವೂ ಹಾಗೆಯೇ ಅಂತೆ. ಖಾಸಗಿ ನರ್ಸರಿಗಳಲ್ಲಿ ಇವೆರಡು ಯಾಕೆ ಸಿಗುವುದಿಲ್ಲ ಅಂತ ಅರ್ಥ ಆಯಿತು. ಮಳೆ ಶುರುವಾಗುವ ಹೊತ್ತಿಗೆ ಸರಿಯಾಗಿ ಕಾಡಿನಲ್ಲಿ ಮರದ ಬುಡದಲ್ಲಿ ಯಾರಾದರೂ ಇರಬೇಕು. ಆ ಕೆಲಸ ಸಂಬಳ ಕೊಟ್ಟು ಮಾಡಿಸಲಿಕ್ಕೆ ಸರ್ಕಾರಕ್ಕೆ ಮಾತ್ರ ಸಾಧ್ಯ.

ಗಿಡಗಳ ಗುಣಮಟ್ಟ? ಸಾಲಿನಿಂದ ಸಾಲಿಗೆ ವ್ಯತ್ಯಾಸ ಉಂಟು, ನೀವೇ ನಿಂತು ಆರಿಸಬೇಕು. ಎತ್ತರ ನೋಡಿ ಮರುಳಾಗಬೇಡಿ. ತೊಟ್ಟೆ ಎತ್ತಿ ಅಡಿ ನೋಡಿ. ಎರಡು ವರ್ಷ ಅದೇ ತೊಟ್ಟೆಯಲ್ಲಿ ಕೂತ ಗಿಡದ ತಾಯಿಬೇರು ತಳದಲ್ಲಿ ಸೇಮಿಗೆ ಒತ್ತಿದ ಹಾಗೆ ಸುತ್ತಿಕೊಂಡಿರುತ್ತದೆ. ನೆಟ್ಟ ಮೇಲೂ ಅದು ಬಿಡಿಸಿಕೊಳ್ಳುವುದಿಲ್ಲ. ಇನ್ನು ಕೆಲವು ಗಿಡಗಳ ಬೇರು ತೂತಿನಿಂದ ಹೊರಗೆ ಬಂದು ನೆಲಕ್ಕೇ ಇಳಿದಿರುತ್ತದೆ. ಎಳೆದರೆ ಟಕ್ ಅಂತ ತುಂಡಾಗುತ್ತದೆ, ಮನೆಗೆ ಬರುವಷ್ಟರಲ್ಲಿ ಎಲೆ ಬಾಡುತ್ತದೆ. ಗಿಡಗಳನ್ನು ಆಗಾಗ ಜಾಗ ಬದಲಿಸಿ ಇಟ್ಟರೆ ಹೀಗಾಗುವುದಿಲ್ಲ. ಈ ನರ್ಸರಿಯವರು ಪುನರ್ಪುಳಿ, ಹೆಬ್ಬಲಸಿನ ಸಾಲುಗಳನ್ನು ಚೆನ್ನಾಗಿ ನೋಡಿಕೊಂಡಿದ್ದರು. ನೇರಳೆ ಸಾಲು ಮಾತ್ರ ಮೂಲೆಯಲ್ಲಿ ಬಿದ್ದುಕೊಂಡಿತ್ತು, ನಾನು ಮುಟ್ಟಲಿಲ್ಲ.

ಶ್ರೀಗಂಧ ತೆಗೆದುಕೊಳ್ಳುವವರಿಗೆ ಒಂದು ಮಾತು. ಅದರ ತೊಟ್ಟೆಯಲ್ಲಿ ಪಕ್ಕದಲ್ಲೇ ಒಂದು ತೊಗರಿ ಗಿಡ ಇರುತ್ತದೆ. ಕಳೆ ಅಂತ ಕಿತ್ತುಬಿಡಬೇಡಿ. ಗಂಧದ ಬೇರು ಪಕ್ಕದ ಗಿಡದ ಬೇರಿಗೆ ಕಚ್ಚಿಕೊಂಡೇ ಬದುಕುವುದು. ನಮ್ಮ ಮಂಡಲದ ಹುಡುಗನೊಬ್ಬ ಟೆಂಪೋದಲ್ಲೇ ಕೀಳಲು ಕೈ ಹಾಕಿದ್ದ, ವಾಚರ್ ಬೊಬ್ಬೆ ಹೊಡೆದು ನಿಲ್ಲಿಸಿದರು.

ಈಗ ನನ್ನ ದೊಡ್ಡ ತಕರಾರು. ಅದು ನರ್ಸರಿಯ ಮೇಲಲ್ಲ, ತಾರೀಕಿನ ಮೇಲೆ. ಜುಲೈ ಮೊದಲ ವಾರ ಅನ್ನುವುದು ಉತ್ತರದವರಿಗೆ ಸರಿ, ಅಲ್ಲಿ ಮಳೆ ತಲುಪುವುದೇ ಆಗ. ವರ್ಷಕ್ಕೆ 4,000 ಮಿಲಿಮೀಟರ್ ದಾಟಿ ಮಳೆ ಬೀಳುವ ಉಡುಪಿಯಲ್ಲಿ ಜುಲೈ ಅಂದರೆ ಹೊಂಡ ತೆಗೆದರೆ ಹೊಂಡದ ತುಂಬಾ ನೀರು. ಮುರಕಲ್ಲಿನ ನೆಲದಲ್ಲಂತೂ ಆ ನೀರು ಇಳಿಯುವುದೇ ಇಲ್ಲ, ಬೇರು ಕೊಳೆಯುತ್ತದೆ. ನಮ್ಮ ಹಿರಿಯರು ಮೇ ಕೊನೆಗೆ ಬರುವ ಪತ್ತನಾಜೆ (ತುಳುನಾಡಿನ ಆಚರಣೆಯ ದಿನ) ಕಳೆದು ನಾಲ್ಕು ಮಳೆ ಬಿದ್ದು ನೆಲ ಮೆತ್ತಗಾದ ಕೂಡಲೇ ಗಿಡ ನೆಡುತ್ತಿದ್ದರು. ಮೃಗಶಿರ ಮಳೆಗೆ ನೆಟ್ಟ ಗಿಡ ಆಟಿಯ (ಜುಲೈ ನಡುವಿಗೆ ಶುರುವಾಗುವ ತುಳು ತಿಂಗಳು) ಜಡಿಮಳೆ ಬರುವಷ್ಟರಲ್ಲಿ ಬೇರು ಹಿಡಿದಿರುತ್ತದೆ. ನಾನು ಪೆರ್ಡೂರು ಕಡೆಯ ನನ್ನ ಜಾಗಕ್ಕೆ ಜೂನ್ ಎರಡನೇ ವಾರವೇ ಗಿಡ ತಂದು ನೆಟ್ಟೆ. ಮಂಡಲದ್ದು ಜುಲೈಯಲ್ಲಿ, ಫೋಟೋ, ಭಾಷಣ, ಬಿಸಿ ಬಿಸಿ ಗೋಳಿಬಜೆ ಎಲ್ಲ ಸೇರಿಸಿ. ಎರಡೂ ಒಂದೇ ನರ್ಸರಿಯ ಗಿಡ. ನನ್ನ ಜಾಗದಲ್ಲಿ ಬೆರಳೆಣಿಕೆಯಷ್ಟು ಸತ್ತವು. ಶಾಲೆಯ ಹಿಂದಿನ ಗುಡ್ಡೆಯಲ್ಲಿ ಅರ್ಧಕ್ಕರ್ಧ ಇಲ್ಲ. ಅದರಲ್ಲಿ ದನ ತಿಂದದ್ದೂ ಉಂಟು, ಎಲ್ಲ ನೀರಿನ ತಲೆಗೆ ಕಟ್ಟಲಿಕ್ಕಾಗುವುದಿಲ್ಲ.

ಜೂನ್‌ನಲ್ಲೇ ಹೋಗುವುದರಿಂದ ಇನ್ನೊಂದು ಲಾಭ. ಜುಲೈಯಲ್ಲಿ ಸಂಘ ಸಂಸ್ಥೆಗಳು ಟೆಂಪೋ ತಂದು ಒಳ್ಳೆಯ ಸಾಲು ಖಾಲಿ ಮಾಡಿರುತ್ತಾರೆ. ಆಮೇಲೆ ಹೋದವರಿಗೆ ಮಹಾಗನಿ, ಸಾಗುವಾನಿ ಮಾತ್ರ.

ಸ್ವಂತ ಜಾಗದಲ್ಲಿ ನೆಡುವವರು ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಗೆ ಹೆಸರು ಬರೆಸಿ. ರಾಜ್ಯ ಸರ್ಕಾರ 2011ರಿಂದ ನಡೆಸುತ್ತಿರುವ ಯೋಜನೆ. ಬದುಕಿದ ಗಿಡಕ್ಕೆ ಮೊದಲ ವರ್ಷ 35, ಎರಡನೇ ವರ್ಷ 40, ಮೂರನೇ ವರ್ಷ 50 ರೂಪಾಯಿ ನಿಮ್ಮ ಖಾತೆಗೆ ಬರುತ್ತದೆ. ಅಂದರೆ ಒಂದು ಗಿಡಕ್ಕೆ ಒಟ್ಟು 125. ಆರ್‌ಟಿಸಿ, ಆಧಾರ್, ಪಾಸ್‌ಬುಕ್ ಜೆರಾಕ್ಸ್ ಬೇಕು. ನೆಟ್ಟದ್ದಕ್ಕಲ್ಲ, ಉಳಿದದ್ದಕ್ಕೆ ದುಡ್ಡು ಅನ್ನುವ ಲೆಕ್ಕ ನನಗೆ ಹಿಡಿಸಿತು. ಇದೇ ನಿಯಮ ನಮ್ಮ ಮಂಡಲಗಳಿಗೂ ಇದ್ದಿದ್ದರೆ ಬ್ಯಾನರ್ ಸಣ್ಣದಾಗಿ ಬೇಲಿ ದೊಡ್ಡದಾಗುತ್ತಿತ್ತು. (ನನ್ನ ವ್ಯಾಪಾರಕ್ಕೆ ಕಲ್ಲು, ಇರಲಿ.) ಆದರೆ ಗಿಡ ಎಣಿಸಲು ಬರಬೇಕಾದವರು ತಾವಾಗಿ ಬರುವುದಿಲ್ಲ. ಫೋನ್ ಮಾಡಬೇಕು, ಮತ್ತೆ ಮಾಡಬೇಕು. ನನ್ನ ಮೊದಲ ವರ್ಷದ ದುಡ್ಡು ಇನ್ನೂ ಬಂದಿಲ್ಲ.

ಉಳಿದ ದೂರುಗಳು ಸಣ್ಣವು. ಗೇಟಿನ ಬೋರ್ಡಿನಲ್ಲಿ ಬರೆದ ಗಿಡಕ್ಕೂ ಒಳಗೆ ಇರುವುದಕ್ಕೂ ಸಂಬಂಧ ಇಲ್ಲ. ಹೆಸರಿನ ಚೀಟಿ ಎಷ್ಟೋ ಸಾಲಿಗೆ ಇಲ್ಲ. ಉಪ್ಪಾಗೆ, ಪುನರ್ಪುಳಿ ಸಸಿಗಳನ್ನು ನಮ್ಮಂಥವರು ಗುರುತಿಸುವುದು ಕಷ್ಟ, ಅಕ್ಕಂದಿರನ್ನೇ ಕೇಳಿ. ಅವರಿಗೆ ಎಲೆ ನೋಡಿದರೆ ಸಾಕು. ಬೆಲೆಯ ಬಗ್ಗೆ ಮಾತಾಡುವ ಹಾಗೇ ಇಲ್ಲ, ಹೊರಗೆ ಒಂದು ಗಿಡಕ್ಕೆ ಕೊಡುವ ದುಡ್ಡಿಗೆ ಇಲ್ಲಿ ಕೈತುಂಬಾ ಬರುತ್ತದೆ.

ಐದರಲ್ಲಿ ನಾಲ್ಕು ಕೊಡ್ತೇನೆ. ಹೋಗುವುದಾದರೆ ಬೆಳಿಗ್ಗೆ ಬೇಗ ಹೋಗಿ, ಮಧ್ಯಾಹ್ನ ಊಟದ ಹೊತ್ತಿಗೆ ಗೇಟ್ ಹಾಕಿರುತ್ತಾರೆ. ಯುಪಿಐ ನಡೆಯುವುದಿಲ್ಲ, ಚಿಲ್ಲರೆ ಇರಲಿ. ಗಿಡ ನಿಲ್ಲಿಸಿ ಇಡಲು ಹಳೆಯ ಮೀನಿನ ಕ್ರೇಟ್ ಎರಡು ತೆಗೆದುಕೊಂಡು ಹೋಗಿ. ಗೋಣಿಯಲ್ಲಿ ತುಂಬಿದರೆ ಮಣ್ಣು ಒಡೆದು ಬೇರು ಹೊರಗೆ ಬರುತ್ತದೆ.