ಎಸಿ ಹಾಕಿದ ಅಂಗಡಿಯಲ್ಲಿ ತೋರಿಸಿದ ಟೆಂಪರೇಚರ್ ನಂಬಿ ಓವರ್‌ಕ್ಲಾಕ್ ಮಾಡಿದ ಕಂಪ್ಯೂಟರ್ ತರಬೇಡಿ

ಕಾಸರಗೋಡು ಕಡೆಯವರು ಯಾರಾದರೂ ಎಡಿಟಿಂಗ್‌ಗೋ ಗೇಮಿಂಗ್‌ಗೋ ಹೊಸ ಡೆಸ್ಕ್‌ಟಾಪ್ ಮಾಡಿಸುವ ಯೋಚನೆಯಲ್ಲಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. "ಪ್ರೊಸೆಸರ್ ಓವರ್‌ಕ್ಲಾಕ್ ಮಾಡಿಯೇ ಕೊಡ್ತೇವೆ, ಅದಕ್ಕೆ ಬೇರೆ ಚಾರ್ಜ್ ಇಲ್ಲ" ಎಂದು ಅಂಗಡಿಯವರು ಹೇಳಿದರೆ ಬೇಡ ಅನ್ನಿ. ಓವರ್‌ಕ್ಲಾಕ್ ಅಂದರೆ ಕಂಪನಿ ನಿಗದಿ ಮಾಡಿದ್ದಕ್ಕಿಂತ ಹೆಚ್ಚು ವೇಗದಲ್ಲಿ ಪ್ರೊಸೆಸರನ್ನು ಓಡಿಸುವುದು. ಒಳ್ಳೆಯ ಒಂದು ಪ್ರೊಸೆಸರ್ ಹೀಗೆಯೇ ಹಾಳಾದದ್ದನ್ನು ನಾನು ನೋಡಿದ್ದೇನೆ.

ನನ್ನದು ಬದಿಯಡ್ಕ ಹತ್ತಿರ ಯಕ್ಷಗಾನ ಮತ್ತು ಮದುವೆ ವಿಡಿಯೋ ಕೆಲಸ. ಮೇಳಗಳ ತಿರುಗಾಟ ಪತ್ತನಾಜೆಗೆ (ಮೇ ಕೊನೆಯ ಹೊತ್ತಿಗೆ) ಮುಗಿಯುವುದರಿಂದ ಏಪ್ರಿಲ್, ಮೇ ತಿಂಗಳಲ್ಲಿ ನಮಗೆ ಉಸಿರಾಡಲು ಪುರುಸೊತ್ತಿಲ್ಲ, ಸೆಕೆಯೂ ಆಗಲೇ. ಇಡೀ ರಾತ್ರಿಯ ಯಕ್ಷಗಾನದ ವಿಡಿಯೋವನ್ನು ಎಕ್ಸ್‌ಪೋರ್ಟ್‌ಗೆ (ಎಡಿಟ್ ಮುಗಿದದ್ದನ್ನು ಒಂದೇ ಫೈಲ್ ಮಾಡಲು) ಹಾಕಿದರೆ ಪ್ರೊಸೆಸರಿನ ಎಲ್ಲ ಕೋರ್‌ಗಳೂ (ಒಳಗೆ ಲೆಕ್ಕ ಮಾಡುವ ಘಟಕಗಳು) ಗಂಟೆಗಟ್ಟಲೆ ಪೂರ್ತಿ ದುಡಿಯಬೇಕು. ಇದನ್ನೆಲ್ಲ ಅಂಗಡಿಯಲ್ಲಿ ಬಿಡಿಸಿ ಹೇಳಿಯೇ ಆರ್ಡರ್ ಕೊಟ್ಟದ್ದು. ಅವರು ಎಎಂಡಿ ಕಂಪನಿಯ ರೈಜೆನ್ 5 3600 ಪ್ರೊಸೆಸರ್ ಹಾಕಿ, ಆರೂ ಕೋರ್‌ಗಳನ್ನು 4.3 ಗಿಗಾಹರ್ಟ್ಸ್‌ಗೆ ಏರಿಸಿ, ಸಿನೆಬೆಂಚ್ ಎಂಬ ಪರೀಕ್ಷಾ ಸಾಫ್ಟ್‌ವೇರ್ ಓಡಿಸಿ ತೋರಿಸಿದರು. 80 ಡಿಗ್ರಿ ಆಸುಪಾಸು ಬಂತು. "ಲಿಮಿಟ್ 95 ಸರ್, ಇನ್ನೂ 15 ಡಿಗ್ರಿ ಬಾಕಿ ಉಂಟು" ಅಂದರು.

ಆ ಕೋಣೆಯಲ್ಲಿ ಎಸಿ 22ರಲ್ಲಿತ್ತು. ನಮ್ಮ ಎಡಿಟಿಂಗ್ ಕೋಣೆ ಟೆರೇಸಿನ ಮೇಲೆ ಶೀಟು ಹಾಕಿ ಮಾಡಿದ್ದು. ಏಪ್ರಿಲ್ ಮಧ್ಯಾಹ್ನ ಗೋಡೆಯ ಥರ್ಮಾಮೀಟರ್ 36 ತೋರಿಸುತ್ತದೆ. ಗಾಳಿಯಲ್ಲಿ ತಣಿಸುವ ಕೂಲರ್ ಎಷ್ಟು ದುಬಾರಿಯದ್ದಾದರೂ ಪ್ರೊಸೆಸರನ್ನು ಕೋಣೆಯ ಬಿಸಿಗಿಂತ ಕೆಳಗೆ ಇಳಿಸಲಾರದು. ಕೋಣೆ 14 ಡಿಗ್ರಿ ಏರಿದರೆ ಪ್ರೊಸೆಸರೂ ಹೆಚ್ಚುಕಮ್ಮಿ ಅಷ್ಟೇ ಏರುತ್ತದೆ. ಅಂದರೆ ಅಂಗಡಿಯ 80 ನಮ್ಮಲ್ಲಿ 94. ಅವರು ಓಡಿಸಿದ್ದು ಒಂದೇ ಒಂದು ಸಲ. ಕ್ಯಾಬಿನೆಟ್ಟಿನ ಒಳಗಿನ ಗಾಳಿ ಬಿಸಿಯಾಗುವ ಮೊದಲೇ ಅದು ಮುಗಿದಿತ್ತು. ದಿನವಿಡೀ ದುಡಿಯುವ ಮೆಷಿನ್‌ಗೆ ಇದು ಪರೀಕ್ಷೆಯೇ ಅಲ್ಲ.

ಮಳೆಗಾಲ, ಚಳಿಗಾಲ ಹೇಗೋ ಕಳೆಯಿತು. ಸೆಕೆ ಶುರುವಾದದ್ದೇ ಎಕ್ಸ್‌ಪೋರ್ಟ್ ಮುಕ್ಕಾಲು ಆಗುವಾಗ ಕಂಪ್ಯೂಟರ್ ತನ್ನಷ್ಟಕ್ಕೆ ರೀಸ್ಟಾರ್ಟ್ ಆಗತೊಡಗಿತು. ಅಂಗಡಿಗೆ ಫೋನ್ ಮಾಡಿದರೆ ಮೊದಲು ಕರೆಂಟಿನ ಮೇಲೆ ಹಾಕಿದರು, ಆಮೇಲೆ ವಿಂಡೋಸ್ ಮೇಲೆ. ಕೊನೆಗೆ ಪೆರ್ಲದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಭಾವ ಬಂದು ಬಯೋಸ್ (ವಿಂಡೋಸ್ ಶುರುವಾಗುವ ಮೊದಲೇ ತೆರೆಯುವ ಬೋರ್ಡಿನ ಸೆಟ್ಟಿಂಗ್) ತೆರೆದ. ಕೋರ್ ವೋಲ್ಟೇಜ್ ಎದುರು ಆಟೋ ಇರಲಿಲ್ಲ, 1.400 ಎಂದು ಫಿಕ್ಸ್ ಮಾಡಿಟ್ಟಿದ್ದರು. ಫ್ಯಾನ್ ಸೈಲೆಂಟ್ ಮೋಡಿನಲ್ಲಿತ್ತು. ಪಕ್ಕದ ಮುಚ್ಚಳ ತೆಗೆದು ಟಾರ್ಚ್ ಹಿಡಿದರೆ, ಪ್ರೊಸೆಸರಿಗೆ ಕರೆಂಟ್ ಕೊಡುವ ಮಾಸ್ಫೆಟ್‌ಗಳ ಮೇಲೆ ಹೀಟ್‌ಸಿಂಕೇ ಇಲ್ಲದ ಅಗ್ಗದ ಬೋರ್ಡ್. ಕೂಲರಿನ ರೆಕ್ಕೆಗಳ ನಡುವೆ ಮಳೆಗಾಲದ ತೇವಕ್ಕೆ ಅಂಟಿಕೊಂಡ ಮುರಕಲ್ಲಿನ ಕೆಂಪು ಧೂಳು.

1.4ರ ಬಗ್ಗೆ ಕೇಳಿದಾಗ ಅಂಗಡಿಯವರು ಕೊಟ್ಟ ಉತ್ತರ ನಿಮಗೂ ಸಿಗಬಹುದು: "ಅದೇನೂ ಅಲ್ಲ ಮಾರಾಯ್ರೆ, ಡಿಫಾಲ್ಟ್‌ನಲ್ಲೂ 1.4 ತೋರಿಸ್ತದೆ." ತೋರಿಸುವುದು ನಿಜ, ಆದರೆ ಅದು ಒಂದೆರಡು ಕೋರ್ ಮಾತ್ರ ಹಗುರ ಕೆಲಸ ಮಾಡುವಾಗ. ಆಗ ಹರಿಯುವ ಕರೆಂಟ್ ತೀರಾ ಕಡಿಮೆ. ಎಲ್ಲ ಕೋರ್‌ಗಳ ಮೇಲೆ ಲೋಡ್ ಬಿದ್ದ ಕೂಡಲೇ ಚಿಪ್ ತಾನಾಗಿಯೇ ವೋಲ್ಟೇಜ್ ಇಳಿಸಿಕೊಳ್ಳುತ್ತದೆ. ಫಿಕ್ಸ್ ಮಾಡಿದರೆ ಆ ಇಳಿಸುವ ದಾರಿಯೇ ಬಂದ್. ಪೂರ್ತಿ ಕರೆಂಟ್ ಹರಿಯುವಾಗಲೂ 1.4.

ಲೆಕ್ಕ ಹೀಗೆ: ಪ್ರೊಸೆಸರ್ ಎಳೆಯುವ ಪವರ್ ವೇಗದ ಅನುಪಾತದಲ್ಲಿ ಏರುತ್ತದೆ, ಆದರೆ ವೋಲ್ಟೇಜ್ ಏರಿಸಿದರೆ ಅದರ ವರ್ಗದ ಅನುಪಾತದಲ್ಲಿ ಏರುತ್ತದೆ. ಎಳೆದ ಪವರೆಲ್ಲ ಬಿಸಿಯಾಗುತ್ತದೆ. 1.25 ವೋಲ್ಟ್, 4 ಗಿಗಾಹರ್ಟ್ಸ್‌ನಿಂದ 1.4 ವೋಲ್ಟ್, 4.3 ಗಿಗಾಹರ್ಟ್ಸ್‌ಗೆ ಹೋದರೆ ವೇಗ ಹೆಚ್ಚುವುದು ಶೇಕಡಾ 7.5ರಷ್ಟು, ಬಿಸಿ ಹೆಚ್ಚುವುದು ಶೇಕಡಾ 35ರಷ್ಟು. ಒಂದು ಗಂಟೆಯ ಎಕ್ಸ್‌ಪೋರ್ಟಿನಲ್ಲಿ ಉಳಿಯುವುದು ನಾಲ್ಕು ನಿಮಿಷ. ಆ ನಾಲ್ಕು ನಿಮಿಷಕ್ಕಾಗಿ ಚಿಪ್ಪಿನೊಳಗಿನ ಅತಿ ಸಣ್ಣ ಲೋಹದ ಗೆರೆಗಳಲ್ಲಿ ಪರಮಾಣುಗಳೇ ಜರುಗುವಷ್ಟು ಕರೆಂಟ್ ಹರಿಸಿದ್ದಾರೆ. ಇದಕ್ಕೆ ಎಲೆಕ್ಟ್ರೋಮೈಗ್ರೇಷನ್ ಅನ್ನುತ್ತಾರೆ. ವೋಲ್ಟೇಜ್, ಬಿಸಿ ಎರಡೂ ಸೇರಿದರೆ ಈ ಸವೆತ ಬಹಳ ಬೇಗ ಆಗುತ್ತದೆ, ಮತ್ತೆ ಸರಿಯಾಗುವುದಿಲ್ಲ. ಭಾವ ಎಲ್ಲವನ್ನೂ ಡಿಫಾಲ್ಟ್‌ಗೆ ತಂದು, ಧೂಳು ತೆಗೆದು, ಹೊಸ ಥರ್ಮಲ್ ಪೇಸ್ಟ್ ಹಚ್ಚಿದ. ಟೆಂಪರೇಚರ್ ಇಳಿಯಿತು, ರೀಸ್ಟಾರ್ಟ್ ನಿಲ್ಲಲಿಲ್ಲ. ಪ್ರೊಸೆಸರ್ ಆಗಲೇ ಹಾಳಾಗಿತ್ತು.

ಈಗಾಗಲೇ ಇಂಥ ಮೆಷಿನ್ ನಿಮ್ಮ ಮನೆಯಲ್ಲಿದ್ದರೆ ಇವತ್ತೇ ನೋಡಿ. ಟೆಂಪರೇಚರ್, ವೋಲ್ಟೇಜ್ ತೋರಿಸುವ ಎಚ್‌ಡಬ್ಲ್ಯುಇನ್ಫೋ (HWiNFO) ಸಾಫ್ಟ್‌ವೇರ್ ಹಾಕಿಕೊಳ್ಳಿ, ಉಚಿತವಾಗಿ ಸಿಗುತ್ತದೆ. ಮಧ್ಯಾಹ್ನದ ಹೊತ್ತಿನಲ್ಲಿ, ನೀವು ಕೆಲಸ ಮಾಡುವ ಕೋಣೆಯಲ್ಲೇ, ನಿಮ್ಮದೇ ಕೆಲಸವನ್ನು ಅರ್ಧ ಗಂಟೆಗಿಂತ ಹೆಚ್ಚು ಓಡಿಸಿ, ಟೆಂಪರೇಚರ್ ಮತ್ತು ಕೋರ್ ವೋಲ್ಟೇಜ್ ಎರಡನ್ನೂ ಗಮನಿಸಿ. ಲೋಡ್ ಬಿದ್ದಾಗಲೂ ವೋಲ್ಟೇಜ್ ಅಲುಗದೆ ಒಂದೇ ಕಡೆ ನಿಂತಿದ್ದರೆ ಯಾರೋ ಫಿಕ್ಸ್ ಮಾಡಿದ್ದಾರೆ ಎಂದೇ ಸಂಶಯಪಡಿ. ವಿಂಡೋಸಿನ ಇವೆಂಟ್ ವ್ಯೂವರ್‌ನಲ್ಲಿ 'ವೀಯಾ ಲಾಗರ್' (WHEA-Logger) ಹೆಸರಿನ ಎರರ್‌ಗಳಿದ್ದರೆ ಹಾರ್ಡ್‌ವೇರ್ ತಪ್ಪು ಮಾಡುತ್ತಿದೆ ಎಂದರ್ಥ. ಬಯೋಸ್‌ನಲ್ಲಿ 'ಲೋಡ್ ಆಪ್ಟಿಮೈಸ್ಡ್ ಡಿಫಾಲ್ಟ್ಸ್' ಕೊಟ್ಟರೆ ಹಳೆಯ ಸೆಟ್ಟಿಂಗ್ ಹೋಗುತ್ತದೆ.

ಒಂದು ಮಾತು ಸೇರಿಸಬೇಕು, ಸಂಖ್ಯೆ ನೋಡಿ ಸುಮ್ಮನೆ ಹೆದರಬೇಡಿ. ರೈಜೆನ್ 7000 ಸರಣಿಯ ಹಲವು ಚಿಪ್‌ಗಳು ಪೂರ್ತಿ ಲೋಡಿನಲ್ಲಿ 95 ಮುಟ್ಟುವಂತೆಯೇ ತಯಾರಾದವು. ಆದರೆ ಅಲ್ಲೂ ವೋಲ್ಟೇಜ್ ಆಟದ ವಸ್ತುವಲ್ಲ. 2023ರಲ್ಲಿ ಅದೇ ಸರಣಿಯ ಕೆಲವು ಪ್ರೊಸೆಸರ್‌ಗಳು ಸುಟ್ಟುಹೋದ ಮೇಲೆ ಎಎಂಡಿಯೇ ಎಸ್‌ಒಸಿ ವೋಲ್ಟೇಜನ್ನು (ಕೋರ್‌ಗಳಿಗಲ್ಲದೆ ಮೆಮೊರಿ ಕಂಟ್ರೋಲರಿನಂಥ ಭಾಗಗಳಿಗೆ ಹೋಗುವುದು) 1.3 ವೋಲ್ಟ್‌ಗೆ ಮಿತಿಗೊಳಿಸಿತು.

ವಾರಂಟಿಯ ವಿಷಯ ತಿಳಿದಿರಲಿ: ಓವರ್‌ಕ್ಲಾಕ್‌ನಿಂದ ಆದ ಹಾನಿಗೆ ಎಎಂಡಿ ವಾರಂಟಿ ಅನ್ವಯಿಸುವುದಿಲ್ಲ. ಅಂಗಡಿಯವರು ಇದನ್ನು ಮಾರುವಾಗ ಹೇಳಲಿಲ್ಲ, ಕೆಟ್ಟ ಮೇಲೆ ಹೇಳಿದರು. ಬಿಲ್ಲಿನಲ್ಲಿ ಓವರ್‌ಕ್ಲಾಕ್ ಎಂಬ ಶಬ್ದವೇ ಇರಲಿಲ್ಲ. ಹಾಗಾಗಿ ಹೊಸ ಮೆಷಿನ್ ತರುವವರು ಬಿಲ್ಲಿನ ಮೇಲೆ "ಬಯೋಸ್ ಡಿಫಾಲ್ಟ್ ಸೆಟ್ಟಿಂಗ್" ಎಂದು ಬರೆಸಿಕೊಂಡು ಸೀಲ್ ಹಾಕಿಸಿ. ಬರೆದುಕೊಡಲು ಒಪ್ಪದಿದ್ದರೆ ಬೇರೆ ಅಂಗಡಿ ನೋಡಿ. ಅದೇ ಬೋರ್ಡಿಗೆ ಬಯೋಸ್ ಅಪ್‌ಡೇಟ್ ಮಾಡಿ ಈಗ ರೈಜೆನ್ 5 5600 ಹಾಕಿದ್ದೇನೆ. ಅದರ ಬೂಸ್ಟ್ (ಬೇಕಾದಾಗ ಚಿಪ್ ತಾನಾಗಿಯೇ ಏರಿಸಿಕೊಳ್ಳುವ ವೇಗ) ಕಂಪನಿಯ ಸೆಟ್ಟಿಂಗ್‌ನಲ್ಲೇ 4.4 ಗಿಗಾಹರ್ಟ್ಸ್ ತನಕ ಉಂಟು.