ಅಪ್ಪನ ಎಚ್‌ಎಂಟಿ ಜನತಾ: ಸರ್ವಿಸ್ ಮಾಡಿಸಿ ವರ್ಷಗಳಾದ ಮೇಲೆ

ಮನೆಯ ಬೀರುವಿನಲ್ಲಿ ಹಳೆಯ ಎಚ್‌ಎಂಟಿ ವಾಚು ನಿಂತುಹೋಗಿ ಬಿದ್ದಿದ್ದರೆ ಖಂಡಿತ ಸರಿಮಾಡಿಸಿ. ಆದರೆ ಡಯಲ್ ಮುಟ್ಟಲು ಯಾರಿಗೂ ಬಿಡಬೇಡಿ.

ನನ್ನದು ಅಪ್ಪ ಕಟ್ಟುತ್ತಿದ್ದ ಜನತಾ. ಹದಿನೇಳು ಜ್ಯುವೆಲ್ (ಒಳಗಿನ ಸವೆತ ತಡೆಯುವ ಪುಟ್ಟ ಹರಳುಗಳು), ದಿನವೂ ಕೀ ಕೊಡಬೇಕು. ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ವಾಚು ತಯಾರಿಕೆಯ ಫಲ ಇದು. ಅಪ್ಪ ಹೋದ ಮೇಲೆ ಕೀ ಕೊಟ್ಟರೂ ಸ್ವಲ್ಪ ಹೊತ್ತು ಓಡಿ ನಿಲ್ಲುತ್ತಿತ್ತು.

ಮೊದಲು ಹೋದ ಅಂಗಡಿಯಲ್ಲಿ ಹಿಂದಿನ ಮುಚ್ಚಳ ತೆಗೆದು ಒಂದು ಹನಿ ಎಣ್ಣೆ ಬಿಟ್ಟರು. ಡಯಲ್ ಮಾಸಿದೆ, ಹೊಸ ಬಣ್ಣ ಹಾಕಿಸೋಣ ಎಂದರು. ವಾಚು ವಾಪಸ್ ಪಡೆದು ಬಂದೆ. ಒಣಗಿ ಅಂಟಾದ ಹಳೆಯ ಎಣ್ಣೆಯ ಮೇಲೆ ಹೊಸದನ್ನು ಸುರಿದರೆ ಕೊಳೆ ಅದರಲ್ಲಿ ಕಲೆತು ಚಕ್ರಗಳ ಅಚ್ಚಿನ ತುದಿಗಳನ್ನೇ ಸವೆಸುತ್ತದೆ. ಅದು ಸರ್ವಿಸ್ ಅಲ್ಲ.

ಆಮೇಲೆ ಸಿಕ್ಕಿದ ಹಿರಿಯ ರಿಪೇರಿಗಾರರು ಪ್ರತಿಯೊಂದು ಭಾಗವನ್ನೂ ಬಿಚ್ಚಿ ತೊಳೆದು, ಬೇಕಾದ ಕಡೆ ಮಾತ್ರ ಎಣ್ಣೆ ಇಟ್ಟರು. ಕೀ ಕೊಟ್ಟಾಗ ಸುತ್ತಿಕೊಂಡು ವಾಚನ್ನು ಓಡಿಸುವ ಮೇನ್‌ಸ್ಪ್ರಿಂಗ್ ಬಲ ಕಳೆದುಕೊಂಡಿತ್ತು, ಅದನ್ನು ಬದಲಿಸಿದರು. ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ಒಪ್ಪಿಗೆ ಕೊಟ್ಟ ಮೇಲೆ ಹೊಸ ಬಿಡಿಭಾಗಗಳು ಬರುತ್ತಿಲ್ಲ. ಹಳೆಯ ದಾಸ್ತಾನು ಅಥವಾ ಕೆಟ್ಟ ವಾಚುಗಳೇ ಗತಿ. ಹಾಗಾಗಿ ಅವರು ತಡಮಾಡಿದ್ದಕ್ಕೆ ನನಗೆ ಬೇಸರವಿಲ್ಲ. ಗಂಟೆಗೆ 18,000 ಬಡಿತದ, ಅಂದರೆ ಸೆಕೆಂಡಿಗೆ ಐದು ಬಡಿತದ ಯಂತ್ರವಿದು. ಬಡಿತವನ್ನು ಆಲಿಸಿ ಗೆರೆಯಾಗಿ ತೋರಿಸುವ ಟೈಮಿಂಗ್ ಯಂತ್ರದ ಮೇಲೆ ಇಟ್ಟು ಆ ಗೆರೆ ನೇರವಾಗಿ ಸಾಗುವುದನ್ನು ನನಗೆ ತೋರಿಸಿಯೇ ಹಣ ಪಡೆದರು.

ಈಗ ಬೆಳಿಗ್ಗೆ ಕೀ ಕೊಟ್ಟರೆ ಮರುದಿನ ಬೆಳಿಗ್ಗೆಯೂ ಓಡುತ್ತಲೇ ಇರುತ್ತದೆ. ದಿನಕ್ಕೆ ಕೆಲವು ಸೆಕೆಂಡು ಮುಂದೆ ಹೋಗುತ್ತದೆ. ಕ್ವಾರ್ಟ್ಜ್ ವಾಚಿನ ನಿಖರತೆ ಬೇಕೆನ್ನುವವರಿಗೆ ಇದು ಹಿಡಿಸದು. ಒಮ್ಮೆ ಇದ್ದಕ್ಕಿದ್ದಂತೆ ನಿಮಿಷಗಟ್ಟಲೆ ಮುಂದೆ ಓಡತೊಡಗಿತು. ಅಯಸ್ಕಾಂತ ತಗುಲಿ, ಬಡಿತದ ವೇಗ ನಿರ್ಧರಿಸುವ ಕೂದಲೆಳೆಯಂಥ ಹೇರ್‌ಸ್ಪ್ರಿಂಗ್‌ನ ಸುರುಳಿಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಅದನ್ನು ನಿವಾರಿಸಲು ಕ್ಷಣ ಸಾಕಾಯಿತು, ಆ ಹಿರಿಯ ರಿಪೇರಿಗಾರರು ಹಣವನ್ನೂ ಕೇಳಲಿಲ್ಲ. ಮಳೆಗಾಲದಲ್ಲಿ ಮಾತ್ರ ಹೊರಗೆ ಕಟ್ಟುವುದಿಲ್ಲ, ಇದಕ್ಕೆ ನೀರು ಆಗಿಬರುವುದಿಲ್ಲ.

ಇನ್ನು ಡಯಲ್. ಮಾರುಕಟ್ಟೆಯಲ್ಲಿ ಹಳೆಯ ಎಚ್‌ಎಂಟಿ ಎಂದು ಮಾರುವ ಎಷ್ಟೋ ವಾಚುಗಳು ಡಯಲ್‌ಗೆ ಹೊಸ ಬಣ್ಣ ಬಳಿದು ಥಳಥಳಿಸುವಂತೆ ಮಾಡಿದವು. ಮೂಲ ಮುದ್ರಣವನ್ನು ಒಮ್ಮೆ ಅಳಿಸಿದರೆ ಮತ್ತೆ ತರಲಾಗದು. ನಮ್ಮ ವಾಚಿನಲ್ಲಿ ನಾಲ್ಕರ ಹತ್ತಿರ ಕಂದು ಕಲೆಯೊಂದಿದೆ. ಅಮ್ಮ ವಾಚನ್ನು ಕೈಗೆ ತೆಗೆದುಕೊಂಡಾಗ ಮೊದಲು ಹುಡುಕಿದ್ದೇ ಅದನ್ನು. ಗೀರುಬಿದ್ದ ಪ್ಲಾಸ್ಟಿಕ್ ಗಾಜನ್ನು ಬದಲಿಸಿದ್ದು ಸರಿಯೇ, ಅದರಿಂದ ಏನೂ ಕಳೆದುಹೋಗಲಿಲ್ಲ.

ರಿಪೇರಿಗೆ ಕೊಡುವ ಮೊದಲು ಡಯಲ್, ಮುಳ್ಳು, ಒಳಗಿನ ಯಂತ್ರದ ಫೋಟೊ ತೆಗೆದಿಟ್ಟುಕೊಳ್ಳಿ. ಬದಲಿಸಿದ ಹಳೆಯ ಭಾಗಗಳನ್ನು ಕೇಳಿ ಪಡೆಯಿರಿ. ಕೊಡಲು ಹಿಂಜರಿಯುವ ಅಂಗಡಿಗೆ ವಾಚು ಒಪ್ಪಿಸಬೇಡಿ.