ಮೂರು ಪ್ರಾತ್ಯಕ್ಷಿಕೆಗಳ ಹೋಲಿಕೆ: ಕೈ ಜನರೇಟರ್, ಸೋಲಾರ್ ಪ್ಯಾನೆಲ್, ಗಾಳಿಯಂತ್ರ

ಸೂರ್ಯ, ಗಾಳಿ, ನೀರಿನಿಂದ ವಿದ್ಯುತ್ ಹುಟ್ಟುವುದನ್ನು ಮಕ್ಕಳು ಮುಟ್ಟಿ ಕಲಿಯುವ ಮೇಜಿಗೆ ಈ ಮೂರರಲ್ಲಿ ಒಂದನ್ನೇ ಆರಿಸಬೇಕಾದರೆ ಕೈ ಜನರೇಟರ್ ಆರಿಸಿ. ಮೂರನ್ನೂ ಒಂದೇ ಹಾಲ್‌ನಲ್ಲಿ ಇಟ್ಟು ನೋಡಿದರೆ ಇಡೀ ದಿನ ಕೈಕೊಡದೆ ನಡೆಯುವುದು ಇದೊಂದೇ. ಹಿಡಿಕೆ ತಿರುಗಿಸುವುದು ಸೂರ್ಯನದೂ ಅಲ್ಲ, ಗಾಳಿಯದೂ ಅಲ್ಲ ಎಂಬ ಆಕ್ಷೇಪ ಸರಿಯೇ. ಆದರೆ ಗಾಳಿ, ನೀರು ಎರಡರ ವಿದ್ಯುತ್ತೂ ಹುಟ್ಟುವುದು ಇಂಥದೇ ಜನರೇಟರ್ ಒಳಗೆ. ವಿದ್ಯುತ್ತಿಗೆ ಎಷ್ಟು ಶ್ರಮ ಬೇಕು ಎಂಬುದನ್ನು ತೋಳಿಗೆ ತಿಳಿಸುವ ಸಾಧನ ಇದಕ್ಕಿಂತ ಒಳ್ಳೆಯದಿಲ್ಲ.

ಮಾಡುವುದು ಹೀಗೆ: 12 ವೋಲ್ಟ್, 100 ಆರ್‌ಪಿಎಂ (ನಿಮಿಷಕ್ಕೆ 100 ಸುತ್ತು), ಕನಿಷ್ಠ 10 ವ್ಯಾಟ್‌ನ ಲೋಹದ ಗೇರ್ ಮೋಟರ್, ಅದರ ಶಾಫ್ಟ್‌ಗೆ 10 ಸೆಂ.ಮೀ. ಹಿಡಿಕೆ. ಮೋಟರನ್ನು ಕೈಯಿಂದ ತಿರುಗಿಸಿದರೆ ಅದೇ ಜನರೇಟರ್ ಆಗುತ್ತದೆ. ವರ್ಮ್ ಗೇರ್ (ಸ್ಕ್ರೂವಿನಂಥ ಗೇರ್) ಇರುವ ಮೋಟರ್ ಬೇಡವೇ ಬೇಡ, ಅದು ಶಾಫ್ಟ್ ಕಡೆಯಿಂದ ತಿರುಗುವುದಿಲ್ಲ. ಪ್ಲಾಸ್ಟಿಕ್ ಗೇರ್ ಆದರೆ ಹಲ್ಲು ಸವೆದು ಹೋಗುತ್ತದೆ. ಮಕ್ಕಳು ಎರಡೂ ದಿಕ್ಕಿಗೆ ತಿರುಗಿಸುತ್ತಾರೆ, ಆದ್ದರಿಂದ ಕರೆಂಟನ್ನು ಯಾವಾಗಲೂ ಒಂದೇ ದಿಕ್ಕಿಗೆ ಹರಿಸುವ ನಾಲ್ಕು ಡಯೋಡ್‌ಗಳ ಬ್ರಿಡ್ಜ್ ಇರಲೇಬೇಕು. ಆಮೇಲೊಂದು ಸ್ವಿಚ್: ಒಂದು ಕಡೆ 12 ವೋಲ್ಟ್, 5 ವ್ಯಾಟ್ ಫಿಲಮೆಂಟ್ ಬಲ್ಬ್, ಇನ್ನೊಂದು ಕಡೆ ಎಲ್‌ಇಡಿ ಸ್ಟ್ರಿಪ್‌ನ ಮೂರು ತುಂಡು, ಅಂದರೆ ಒಂಬತ್ತು ಎಲ್‌ಇಡಿ, ಒಟ್ಟು ಮುಕ್ಕಾಲು ವ್ಯಾಟ್ ಆಸುಪಾಸು. ಎರಡರ ಬೆಳಕೂ ಹೆಚ್ಚುಕಡಿಮೆ ಒಂದೇ. ಎಲ್‌ಇಡಿ ಹೊತ್ತಿಸಿಕೊಂಡು ಸಲೀಸಾಗಿ ತಿರುಗಿಸುತ್ತಿರುವ ಮಗುವಿನ ಕೈಯಲ್ಲಿ ಹಿಡಿಕೆ ಇರುವಾಗಲೇ ಸ್ವಿಚ್ಚನ್ನು ಫಿಲಮೆಂಟ್ ಬಲ್ಬ್ ಕಡೆಗೆ ಒತ್ತಿ. ಹಿಡಿಕೆ ತಟ್ಟನೆ ಭಾರವಾಗುತ್ತದೆ, ಒಂದು ಕೆ.ಜಿ. ತೂಗುಹಾಕಿದ ಹಾಗೆ. ಬೆಳಕು ಮಾತ್ರ ಹೆಚ್ಚುವುದಿಲ್ಲ. ಬಲ್ಬ್ ಬದಲಿಸಿದರೆ ಉಳಿತಾಯ ಎಂಬುದನ್ನು ಆಮೇಲೆ ಬಾಯಲ್ಲಿ ಹೇಳಬೇಕಾಗಿಯೇ ಇಲ್ಲ.

ಸೋಲಾರ್‌ನದು ಬೇರೆಯೇ ಗೋಳು. ಅಂಗಳದಲ್ಲಿ ಚೆನ್ನಾಗಿ ತಿರುಗಿದ ಪುಟ್ಟ ಫ್ಯಾನ್ ಹಾಲ್ ಒಳಗೆ ಬಂದ ಕೂಡಲೇ ನಿಂತುಬಿಡುತ್ತದೆ. ವೋಲ್ಟೇಜ್, ಕರೆಂಟ್ ಅಳೆಯುವ ಮಲ್ಟಿಮೀಟರ್ ಹಿಡಿದರೆ 6 ವೋಲ್ಟ್ ಪ್ಯಾನೆಲ್ 4 ವೋಲ್ಟ್‌ಗೂ ಮೇಲೆ ತೋರಿಸಬಹುದು. ಅದನ್ನು ನಂಬಿ ವೈರು, ಮೋಟರ್, ಬೆಸುಗೆ ಎಲ್ಲವನ್ನೂ ಬಿಚ್ಚಿ ನೋಡುವುದರಲ್ಲೇ ಗಂಟೆಗಟ್ಟಲೆ ಹೋಗುತ್ತದೆ. ತಪ್ಪು ಅಲ್ಲೆಲ್ಲೂ ಇಲ್ಲ. ಬೆಳಕು ಕಡಿಮೆಯಾದಾಗ ವೋಲ್ಟೇಜ್ ನಿಧಾನಕ್ಕೆ ಇಳಿಯುತ್ತದೆ. ಕರೆಂಟ್ ಮಾತ್ರ ಬೆಳಕಿನ ಜೊತೆಗೇ ಕುಸಿಯುತ್ತದೆ. ನಡುಮಧ್ಯಾಹ್ನದ ಬಿಸಿಲು ಸುಮಾರು 1,00,000 ಲಕ್ಸ್ (ಬೆಳಕಿನ ಅಳತೆ). ಒಳ್ಳೆಯ ದೀಪಗಳಿರುವ ಕೊಠಡಿ ಅಬ್ಬಬ್ಬಾ ಎಂದರೆ 500. ಬಿಸಿಲಲ್ಲಿ 100 ಮಿಲಿಆಂಪಿಯರ್ ಕೊಡುವ ಪ್ಯಾನೆಲ್ ಅಲ್ಲಿ ಅರ್ಧ ಮಿಲಿಆಂಪಿಯರ್ ಕೊಟ್ಟರೆ ಹೆಚ್ಚು. ಆದ್ದರಿಂದ ಪರೀಕ್ಷಿಸುವಾಗ ವೋಲ್ಟೇಜ್ ಬಿಡಿ, ಮೀಟರನ್ನು ಮಿಲಿಆಂಪಿಯರ್‌ಗೆ ತಿರುಗಿಸಿ ಪ್ಯಾನೆಲ್‌ನ ಎರಡು ತುದಿಗಳಿಗೆ ನೇರ ಹಿಡಿಯಿರಿ. ಇಷ್ಟು ಸಣ್ಣ ಪ್ಯಾನೆಲ್‌ಗೆ ಅದರಿಂದ ಏನೂ ಆಗದು.

ಫ್ಯಾನ್‌ನ ಮೋಟರನ್ನೂ ನೋಡಿ ಖರೀದಿಸಬೇಕು. ಸಾಮಾನ್ಯ ಆಟಿಕೆ ಮೋಟರ್ ಹೊರೆಯಿಲ್ಲದೆಯೂ 100 ಮಿಲಿಆಂಪಿಯರ್‌ಗಿಂತ ಹೆಚ್ಚು ಎಳೆಯುತ್ತದೆ. ಸೋಲಾರ್ ಮೋಟರ್ ಎಂದು ಮಾರುವವು 20-30ಕ್ಕೇ ಹೊರಡುತ್ತವೆ.

ರಿಫ್ಲೆಕ್ಟರ್ ಇರುವ 50 ವ್ಯಾಟ್ ಹ್ಯಾಲೊಜನ್ ದೀಪವನ್ನು 30 ಸೆಂ.ಮೀ. ದೂರದಿಂದ ಬಿಟ್ಟರೆ ಫ್ಯಾನ್ ತಿರುಗುತ್ತದೆ. ಆದರೆ ಪ್ಯಾನೆಲ್ ಬಿಸಿಯಾಗುತ್ತದೆ, ಪ್ರತಿ ಡಿಗ್ರಿಗೆ ವೋಲ್ಟೇಜ್ ಶೇ. 0.3ರಿಂದ 0.4ರಷ್ಟು ಬೀಳುತ್ತದೆ, ದೀಪವೂ ಮಕ್ಕಳ ಕೈ ಸುಡುವಷ್ಟು ಬಿಸಿ. ಅದಕ್ಕಿಂತ ದೊಡ್ಡ ತೊಂದರೆ, 50 ವ್ಯಾಟ್ ಉರಿಸಿ ಅರ್ಧ ವ್ಯಾಟ್‌ಗಿಂತಲೂ ಕಡಿಮೆ ಪಡೆಯುವುದನ್ನು ಮಕ್ಕಳಿಗೆ ಸೌರಶಕ್ತಿ ಎಂದು ತೋರಿಸಿದಂತಾಗುತ್ತದೆ. ಬಿಸಿಲು ಬೀಳುವ ಜಾಗ ಸಿಗದಿದ್ದರೆ ಸೋಲಾರ್ ಇಡುವುದೇ ಬೇಡ. ಸಿಕ್ಕರೆ ಒಂದು ಕೆಲಸ ತಪ್ಪದೆ ಮಾಡಿಸಿ: ಪ್ಯಾನೆಲ್‌ನ ಹನ್ನೆರಡು ಪಟ್ಟಿಗಳಲ್ಲಿ ಒಂದನ್ನು ಪೂರ್ತಿ ಮುಚ್ಚುವಂತೆ ಬೆರಳಿಡಲಿ. ಹನ್ನೊಂದಕ್ಕೆ ಬಿಸಿಲಿದ್ದರೂ ಫ್ಯಾನ್ ನಿಲ್ಲುತ್ತದೆ, ಏಕೆಂದರೆ ಪಟ್ಟಿಗಳೆಲ್ಲ ಒಂದೇ ಸರಣಿಯಲ್ಲಿವೆ. ಚಾವಣಿಯ ಪ್ಯಾನೆಲ್ ಮೇಲೆ ಮರದ ನೆರಳು ಯಾಕೆ ಬೀಳಬಾರದು ಎಂಬುದು ಆ ಬೆರಳಿನಲ್ಲೇ ಇದೆ.

ಗಾಳಿಯಂತ್ರದಲ್ಲಿ ಅತ್ಯುತ್ತಮವಾದದ್ದು ರಟ್ಟಿನ ರೆಕ್ಕೆ ಕತ್ತರಿಸಿ ಕೋನ ಬದಲಿಸುವ ಆಟ. ರೆಕ್ಕೆಯನ್ನು ಗಾಳಿಗೆ ಪೂರ್ತಿ ಎದುರಾಗಿಸಿದರೆ ತಿರುಗುವುದೇ ಇಲ್ಲ. ತಿರುಗುವ ಸಮತಲದಿಂದ 10-20 ಡಿಗ್ರಿ ವಾಲಿಸಿದಾಗ ಓಡುತ್ತದೆ. ಗಾಳಿಯ ವೇಗ ಅರ್ಧವಾದರೆ ಶಕ್ತಿ ಎಂಟನೇ ಒಂದು ಭಾಗಕ್ಕೆ ಇಳಿಯುವುದರಿಂದ ಅದಕ್ಕೆ ಗಾಳಿ ಬೀಸುವ ಟೇಬಲ್ ಫ್ಯಾನ್ ಸ್ವಲ್ಪ ಸರಿದರೂ ಗಾಳಿಯಂತ್ರ ಹೊತ್ತಿಸುವ ಎಲ್‌ಇಡಿ ದೀಪ ಆರುತ್ತದೆ. ನೆಲದ ಮೇಲೆ ಟೇಪ್ ಅಂಟಿಸಿ ಫ್ಯಾನ್‌ನ ಜಾಗ ಗುರುತು ಮಾಡಿ. ಬಿಳಿ ಎಲ್‌ಇಡಿಗೆ ಸುಮಾರು 3 ವೋಲ್ಟ್ ಬೇಕು, ಕೆಂಪಿಗೆ 1.8 ಸಾಕು, ಕೆಂಪನ್ನೇ ಹಾಕಿ. ರೆಕ್ಕೆಗೆ ಜಾಲರಿ ಕಡ್ಡಾಯ, ಪಕ್ಕದಲ್ಲಿ ಒಬ್ಬರು ಸದಾ ನಿಂತಿರಬೇಕು.

ನೋಡಿಕೊಳ್ಳಲು ಒಬ್ಬರೇ ಇದ್ದು, ಹಾಲ್ ಒಳಗೇ ನಡೆಸಬೇಕಿದ್ದು, ಕೈಯಲ್ಲಿ ದುಡ್ಡೂ ಕಡಿಮೆಯಿದ್ದರೆ ಇದ್ದುದೆಲ್ಲವನ್ನೂ ಒಳ್ಳೆಯ ಗೇರ್ ಮೋಟರ್‌ಗೆ ಹಾಕಿ. ಮೋಟರ್ ಕೂರಿಸಿದ ಹಲಗೆಯನ್ನು ಮೇಜಿಗೆ ಎರಡು ಕ್ಲಾಂಪ್‌ಗಳಿಂದ ಬಿಗಿಯಿರಿ, ಒಂದೇ ಇದ್ದರೆ ಹಲಗೆ ತಿರುಗಿಬಿಡುತ್ತದೆ. ಫಿಲಮೆಂಟ್ ಬಲ್ಬ್ ನಾಲ್ಕು ಹೆಚ್ಚಿಗೆ ಇಟ್ಟುಕೊಳ್ಳಿ.